ಬಿದ್ದ ಸೊಲ್ಲು ಹಿಡಿದವರು

ಮೈಂದರ್ಗಿ

ಆಗ ನನಗೆ ಎಪ್ಪತ್ತೊಂದು. ಜರ್ಮನಿಗೆ ಹೋಗಿ ಬಂದು ಈಗ ಮೂರು ವರ್ಷವಾಯಿತು. ಬಂದ ಮೇಲೆ ಊರವರೆಲ್ಲ ಕೇಳಿದರು, ಅಲ್ಲಿ ಏನೇನು ನೋಡಿದಿರಿ ಎಂದು. ಚರ್ಚು ನೋಡಿದೆ, ಹೊಳೆ ನೋಡಿದೆ ಎಂದು ಹೇಳಿ ಕಳಿಸಿದೆ. ಖರೆ ಹೇಳಬೇಕೆಂದರೆ ಹದಿನಾಲ್ಕು ದಿನ ನಾನು ನೋಡಿದ್ದು ನನ್ನ ನೆಗೆಣ್ಣಿಯ ಬಾಯಿ. ಅದು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಅದನ್ನೇ.

ನೆಗೆಣ್ಣಿ ಎಂದರೆ ಕಸ್ತೂರಿ, ನನ್ನ ಮೈದುನನ ಹೆಂಡತಿ. ನನಗಿಂತ ಹದಿಮೂರು ವರ್ಷ ಚಿಕ್ಕವಳು. ಮನೆ ಎರಡು ಪಾಲಾಗಿ ಅಂಗಳದ ನಡುವೆ ಗೋಡೆ ಎದ್ದ ಮೇಲೆ ಆಕೆಯ ಕಟ್ಟೆಯ ಮೇಲೆ ನಾನು ಕುಳಿತಿರಲಿಲ್ಲ. ಭಜನೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಚಾಪೆ.

ನಮ್ಮದು ನಾಲ್ಕು ಹೆಂಗಸರ ಭಜನಾ ಮಂಡಳ. ಒಬ್ಬಾಕೆ ಮುಂದಿನ ಸೊಲ್ಲು ಹೇಳುತ್ತಾಳೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ಹಿತ್ತಾಳೆಯ ತಾಳ ಮುಂದಿನವಳ ಕೈಯಲ್ಲಿರುತ್ತದೆ. ಮುಂದಿನವಳ ಸೊಲ್ಲು ನಡುವೆ ಬೀಳಬಾರದು. ಬಿದ್ದರೆ ಯಾರು ಎತ್ತಿಕೊಳ್ಳುತ್ತಾಳೋ ಅಲ್ಲಿಂದ ಮುಂದೆ ಪದ ಅವಳದು. ತಾಳವನ್ನು ಅವಳಿಗೆ ಕೊಟ್ಟು ಹಿಂದೆ ಸರಿಯಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ನಡೆದುಕೊಂಡು ಬಂದಿದೆ. ನನಗೆ ತಾಳ ಸಿಕ್ಕಿದ್ದೂ ಹಾಗೆಯೇ. ನಲವತ್ತು ವರ್ಷದ ಹಿಂದೆ ಹಾಡಿನ ನಡುವೆ ಅತ್ತೆಗೆ ಕೆಮ್ಮು ಬಂತು, ನಾನು ಹಿಡಿದೆ. ಅತ್ತೆ ಮತ್ತೆ ಎಂದೂ ಮುಂದಿನ ಸೊಲ್ಲು ಹೇಳಲಿಲ್ಲ. ಎರಡು ತಿಂಗಳು ನನ್ನೊಂದಿಗೆ ಮಾತೂ ಆಡಲಿಲ್ಲ.

ಜರ್ಮನಿಗೆ ಹೋಗುವ ಹಿಂದಿನ ವರ್ಷ ನನಗೆ ನ್ಯುಮೋನಿಯಾ ಆಗಿ ಸೊಲ್ಲಾಪುರದ ದವಾಖಾನೆಯಲ್ಲಿ ಹನ್ನೊಂದು ದಿನ ಬಿದ್ದಿದ್ದೆ. ಡಾಕ್ಟರರು ಎದೆಯ ಫೋಟೋ ಬೆಳಕಿಗೆ ಹಿಡಿದು, ಬಲಗಡೆಯದು ಪೂರಾ ತೆರೆಯುವುದಿಲ್ಲ, ಇನ್ನು ಜೋರಾಗಿ ಹಾಡಬೇಡಿ ಎಂದರು. ಹೂಂ ಎಂದೆ. ಮನೆಯಲ್ಲಿ ಎಲ್ಲ ಮೊದಲಿನಂತಾಯಿತು ಎಂದು ಹೇಳಿದೆ. ಫೋಟೋವನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಆಮೇಲಿನ ಗುರುವಾರದ ಭಜನೆಗಳಲ್ಲಿ ಒಂದು ಸಂಗತಿ ಶುರುವಾಯಿತು. ಉದ್ದನೆಯ ಸೊಲ್ಲಿನಲ್ಲಿ ನನ್ನ ದಮ್ಮು ಮುಗಿಯುವ ಹೊತ್ತಿಗೆ, ಬಲಕ್ಕೆ ಕುಳಿತ ಕಸ್ತೂರಿಯ ದನಿ ಒಳಗೆ ತೂರುತ್ತಿತ್ತು. ಒಂದು ಕ್ಷಣ, ಅಷ್ಟೇ. ನಾನು ಎತ್ತಿಕೊಂಡ ಕೂಡಲೇ ಸುಮ್ಮನಾಗುತ್ತಿದ್ದಳು. ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ, ನನಗೆ ಗೊತ್ತಾಗುತ್ತಿತ್ತು. ಗೋಡೆಯನ್ನು ತಟ್ಟಿ ತಟ್ಟಿ ಎಲ್ಲಿ ಸಡಿಲಾಗಿದೆ ಎಂದು ನೋಡುವವರ ಹಾಗೆ ನನ್ನನ್ನು ತಟ್ಟಿ ನೋಡುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ನಾಲ್ಕು ಮಂದಿಯ ಎದುರು ಪೂರಾ ಹಿಡಿಯುತ್ತಾಳೆ, ತಾಳಕ್ಕೆ ಕೈ ಚಾಚುತ್ತಾಳೆ. ಅತ್ತೆಗೆ ನಾನು ಮಾಡಿದ್ದನ್ನೇ ನನಗೆ ಈಕೆ ಮಾಡುತ್ತಾಳೆ.

ಅಕ್ಕಲಕೋಟೆ

ಮಂಡಳದ ಇನ್ನಿಬ್ಬರಲ್ಲಿ ಸಿದ್ದಮ್ಮ ನನ್ನ ವಾರಿಗೆಯವಳು, ಢೋಲಕಿ ಬಾರಿಸುತ್ತಾಳೆ. ವೈಶಾಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಾಳೆ. ಸೊಲ್ಲಾಪುರದಲ್ಲಿ ವೈಶಾಲಿಯವರದು ಬಟ್ಟೆ ವ್ಯಾಪಾರದ ಮನೆತನ, ಆಕೆ ಮಾತ್ರ ಸಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಮ್ಮ ಪದಗಳನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ.

ಅಕ್ಕಲಕೋಟೆಯ ಗುರುವಾರದ ಭಜನೆಯನ್ನು ಈ ವೈಶಾಲಿ ಮೊಬೈಲಿನಲ್ಲಿ ಹಿಡಿದು ಎಲ್ಲಿಗೋ ಕಳಿಸಿದಳು. ಅದನ್ನು ನೋಡಿ ಉರ್ಸುಲಾ ಎಂಬ ಹೆಂಗಸು ಹುಡುಕಿಕೊಂಡು ಬಂದಳು. ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಸನ್ಯಾಸಿನಿಯರ ಮಠವಿದೆಯಂತೆ, ಅಲ್ಲಿ ಹೆಂಗಸರಿಗೆ ದೇವರ ಹಾಡು ಕಲಿಸುವವಳು. ಎತ್ತರದ ಆಳು, ಕತ್ತರಿಸಿದ ಬಿಳಿ ಕೂದಲು. ಚಾಪೆಯ ಮೇಲೆ ಕಾಲು ಮಡಚಲು ಬಾರದೆ ನೀಡಿಕೊಂಡು ಕುಳಿತು, ಎರಡು ತಾಸು ಕಣ್ಣು ಮುಚ್ಚಿ ಕೇಳಿದಳು. ಕಣ್ಣು ಮುಚ್ಚಿದವರು ಕೇಳುತ್ತಾರೋ ನಿದ್ದೆ ಮಾಡುತ್ತಾರೋ ಎಂದು ನನಗೆ ಮೊದಲಿನಿಂದ ಸಂಶಯ.

"ಮೌಶಿ, ಅವರು ಕೇಳಾಕತ್ತಾರ, ಇಷ್ಟ ಜೋರ ಹಾಡಿದ್ರ ಗಂಟಲಾ ನೋಯಂಗಿಲ್ಲೇನ ಅಂತ" ಎಂದಳು ವೈಶಾಲಿ.

"ಗಂಟಲದಾಗ ಹಾಡಿದವ್ರಿಗೆ ನೋಯತೈತಿ. ನಾವು ಹೊಟ್ಟಿಲಿಂದ ಹಾಡತೀವಿ ಅಂತ ಹೇಳು."

ಉರ್ಸುಲಾ ಎದ್ದು ಬಂದು ಕೈ ಮುಗಿದು, ಮುಟ್ಟಬಹುದೇ ಎಂದು ಸನ್ನೆ ಮಾಡಿ, ನನ್ನ ಪಕ್ಕೆಲುಬಿನ ಎರಡೂ ಬದಿಗೆ ಅಂಗೈ ಇಟ್ಟಳು. ಉಸಿರು ಎಳೆಯಲು ಹೇಳಿದಳು. ಎಳೆದೆ. ಎಡಗಡೆಯ ಕೈ ತೆಗೆದಳು. ಬಲಗಡೆಯದನ್ನು ಇನ್ನೂ ಒಂದು ಕ್ಷಣ ಹಾಗೇ ಇಟ್ಟಳು. ಆಮೇಲೆ ನಕ್ಕಳು. ಆ ನಗೆ ನನಗೆ ಸೇರಲಿಲ್ಲ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದವರು ಹೀಗೆಯೇ ನಕ್ಕು ಮುಂದಕ್ಕೆ ಹೋಗುತ್ತಾರೆ.

ಎರಡು ತಿಂಗಳಿಗೆ ಕರೆ ಬಂತು. ನಾಲ್ವರೂ ಬರಬೇಕು, ಮಠದಲ್ಲಿಯೇ ಇರಬೇಕು, ಕೊನೆಗೆ ಅವರ ಚರ್ಚಿನಲ್ಲಿ ಅವರ ಜೊತೆ ಹಾಡಬೇಕು.

"ಅಷ್ಟ ದೂರಿಂದ ನಮ್ಮನ್ಯಾಕ ಕರೀತಾರ?" ಎಂದಳು ಸಿದ್ದಮ್ಮ. "ಅಲ್ಲಿ ಹಾಡಾವ್ರು ಎಲ್ಲಾರೂ ಸತ್ತಾರೇನ?"

ನನಗೂ ಅದೇ ಪ್ರಶ್ನೆ ಇತ್ತು.

ವಿಜಾಪುರ ರಸ್ತೆ

ಹೋಗುವ ಮೊದಲು ಒಂದು ತಿಂಗಳು ವೈಶಾಲಿಯ ಮನೆಯಲ್ಲಿ ತಾಲೀಮು. ವಿಜಾಪುರ ರಸ್ತೆಯಲ್ಲಿ ಎರಡನೆಯ ಅಂತಸ್ತು, ಕೆಳಗೆ ಹಾರ್ನಿನ ಗದ್ದಲ. ನಡುನಡುವೆ ಉರ್ಸುಲಾಳ ಫೋನ್ ಬರುತ್ತಿತ್ತು. ವೈಶಾಲಿ ಇಂಗ್ಲಿಷಿನಲ್ಲಿ ಮಾತಾಡುತ್ತ ಬಾಲ್ಕನಿಗೆ ಹೋಗುತ್ತಿದ್ದಳು. ಇಂಗ್ಲಿಷಿನ ನಡುವೆ "ಗುರುಬಾಯಿ" ಎಂದು ನನ್ನ ಹೆಸರು ಕೇಳಿಸುತ್ತಿತ್ತು, ಮತ್ತೆ ಇಂಗ್ಲಿಷು. ಹೆಸರು ಬಂದಾಗಲೆಲ್ಲ ದನಿ ತಗ್ಗುತ್ತಿತ್ತು.

ಒಂದು ದಿನ ಕಾಗದ ತಂದಳು. ಸಹಿ ಬೇಕು ಎಂದಳು. ಉಳಿದ ಇಬ್ಬರು ಆಗಲೇ ಹೆಬ್ಬೆಟ್ಟು ಒತ್ತಿದ್ದರು. ನಾನು ಕಲಿತದ್ದು ಕನ್ನಡ ಸಾಲೆಯ ಮೂರನೆಯ ಇಯತ್ತೆ, ಆದರೆ ಸಹಿ ಮಾಡಲು ಬರುತ್ತದೆ. ಸಹಿ ಬರುವವರು ಕೇಳಬೇಕು.

"ಏನ ಬರದೈತಿ ಇದರಾಗ?"

"ನಿಮ್ಮ ಹಾಡ ರೆಕಾರ್ಡ್ ಮಾಡ್ಕೊಳ್ಳಾಕ ಪರವಾನಗಿ, ಮೌಶಿ."

"ಮಾಡ್ಕೊಂಡ ಮ್ಯಾಲ ಹಾಡ ಯಾರದು?"

"ನಿಮ್ಮದ."

"ಹಂಗಂತ ಬರದೈತೇನ?"

ವೈಶಾಲಿ ಕಾಗದವನ್ನು ಎರಡು ಸಲ ಓದಿದಳು. "ಬರದಿಲ್ಲ" ಎಂದಳು.

"ಬರದ ಕಳಸಾಕ ಹೇಳು. ಆಮ್ಯಾಲ ಸಹಿ."

ಎಂಟು ದಿನಕ್ಕೆ ಬರೆದು ಕಳಿಸಿದರು. ನನ್ನ ಸಂಶಯಕ್ಕೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಅರ್ಧದಷ್ಟು ಸಲ ನಾನು ಸರಿಯಾಗಿಯೇ ಇರುತ್ತೇನೆ.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ತಾಳವನ್ನು ದೊಡ್ಡ ಚೀಲದಲ್ಲಿ ಹಾಕಲು ವೈಶಾಲಿ ಹೇಳಿದಳು. ಹಾಕಲಿಲ್ಲ. ಚೀಲ ಯಾರ ಕೈಗೆ ಹೋಗುತ್ತದೆಂದು ನೋಡುವವರು ಯಾರು? ಸೀರೆಯ ಮಡಿಲಲ್ಲಿ ಕಟ್ಟಿಕೊಂಡೆ. ತಪಾಸಣೆಯ ಕಮಾನು ಕೂಗಿತು. ಖಾಕಿಯ ಹುಡುಗಿ ಮಡಿಲು ಬಿಚ್ಚಿಸಿ, ತಾಳವನ್ನು ಹೊರಳಿಸಿ ನೋಡಿ, "ಹೇ ಕಾಯ್ ಆಜೀ?" ಎಂದಳು, ಇದೇನಜ್ಜಿ ಎಂದು. ಬಾಯಿಂದ ಹೇಳಿದರೆ ನಂಬುತ್ತಾಳೋ ಇಲ್ಲವೋ ಎಂದು ಬಾರಿಸಿ ತೋರಿಸಿದೆ. ಸಾಲಿನಲ್ಲಿದ್ದ ನೂರು ಮಂದಿ ತಿರುಗಿದರು. ಹಿಂದೆ ನಿಂತಿದ್ದ ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತಾಳ ಸಿಕ್ಕಿಬಿದ್ದರೆ ಆಕೆಗೆ ಒಳ್ಳೆಯದೇ ಎಂದು ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ.

ಮಠ, ಮೊದಲ ದಿನ

ಆ ಊರಿನಲ್ಲಿ ಮಂದಿಗಿಂತ ಗಿಡ ಹೆಚ್ಚು. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಾಗಲೂ ಕೆಂಪು ದೀಪ ನೋಡಿ ನಿಲ್ಲುತ್ತಾರೆ. ಯಾರೋ ಮರೆಯಲ್ಲಿ ನಿಂತು ನೋಡುತ್ತಿರಬೇಕು ಎಂದುಕೊಂಡು ನಾವೂ ನಿಂತೆವು.

ಮಠ ಕಲ್ಲಿನದು, ನಮ್ಮ ಕಡೆಯ ವಾಡೆಯಷ್ಟು ದೊಡ್ಡದು. ನಮಗೆ ಕೊಟ್ಟ ಕೋಣೆ ಚೊಕ್ಕಟವಾಗಿತ್ತು. ಆದರೆ ಬೆಳಿಗ್ಗೆ ಒಬ್ಬ ಸನ್ಯಾಸಿನಿ ಬಂದು, ನಗುತ್ತ, ಆ ಕೊರೆಯುವ ಚಳಿಯಲ್ಲಿ ಎರಡೂ ಕಿಟಕಿಗಳನ್ನು ಪೂರಾ ತೆಗೆದು ಹೋದಳು. ಸಂಜೆಗೆ ಮತ್ತೆ ಬಂದು ತೆಗೆದಳು.

"ನಮ್ಮ ಬಳ್ಳೊಳ್ಳಿ ಚಟ್ನಿ ವಾಸನಿ ಅವರಿಗೆ ಆಗವಲ್ತು" ಎಂದೆ.

"ಹಂಗೇನಿಲ್ಲ ಮೌಶಿ, ಇವರು ದಿನಾ ಎರಡ ಸಲ ಮನಿಯೊಳಗಿನ ಗಾಳಿ ಬದಲ ಮಾಡತಾರ" ಎಂದಳು ವೈಶಾಲಿ.

ನಂಬಲಿಲ್ಲ. ಅಂಗಳಕ್ಕೆ ಇಳಿದು ಸುತ್ತಲೂ ನೋಡಿದೆ. ಎಲ್ಲ ಮನೆಗಳ ಕಿಟಕಿಯೂ ತೆರೆದಿತ್ತು. ಇಡೀ ಊರಿಗೆ ನಮ್ಮ ಚಟ್ನಿ ಮುಟ್ಟಿರಲಾರದು ಎಂದು ಸುಮ್ಮನಾದೆ.

ಊಟ ಅವರಲ್ಲಿ ಮಾತಿಲ್ಲದ ಊಟ. ಉದ್ದನೆಯ ಮೇಜು. ಒಬ್ಬಳು ಎತ್ತರದಲ್ಲಿ ನಿಂತು ಪುಸ್ತಕ ಓದುತ್ತಾಳೆ, ಉಳಿದವರು ಚಮಚದ ಸಪ್ಪಳವೂ ಆಗದಂತೆ ತಿನ್ನುತ್ತಾರೆ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಸಿದ್ದಮ್ಮ ಗಂಟಿನಿಂದ ಕಡಕ್ ರೊಟ್ಟಿ ತೆಗೆದು ಎರಡು ಕೈಯಿಂದ ಮುರಿದಳು. ಆ ದೊಡ್ಡ ಕೋಣೆಯಲ್ಲಿ ಅದು ಕಟ್ಟಿಗೆ ಸೀಳಿದ ಹಾಗೆ ಕೇಳಿಸಿತು. ಓದುವವಳು ನಿಂತಳು. ಸಿದ್ದಮ್ಮ ರೊಟ್ಟಿಯನ್ನು ಬಾಯಿಗೆ ಹಾಕಿದ್ದಳು, ಅಗಿಯಲೂ ಹೆದರಿಕೆ, ಉಗುಳಲೂ ನಾಚಿಕೆ. ಬಾಯಲ್ಲಿಯೇ ನೆನೆಸಿಕೊಂಡು ಕುಳಿತಳು. ಮುದಿ ಸನ್ಯಾಸಿನಿಯೊಬ್ಬಳು ಮೇಜಿನ ಆ ಕಡೆಯಿಂದ ಕೈ ಚಾಚಿ ಒಂದು ತುಂಡು ಬೇಡಿದಳು. ಬಾಯಿಗೆ ಹಾಕಿ ಕಟ್ಟೆಂದು ಕಡಿದಳು. ಆಮೇಲೆ ಓದು ಮುಂದುವರಿಯಿತು.

ಎರಡನೆಯ ದಿನ, ತಾಲೀಮು

ಅವರ ತಂಡದಲ್ಲಿ ಇಪ್ಪತ್ತು ಹೆಂಗಸರು. ಅರ್ಧ ಸನ್ಯಾಸಿನಿಯರು, ಅರ್ಧ ಊರವರು. ಮೊದಲ ಸಲ ಕೇಳಿದಾಗ ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎನಿಸಿತು. ನಮ್ಮದು ಹೊಲದ ಆ ಬದಿಯವರನ್ನು ಕರೆಯುವ ದನಿ, ಎದೆಯಿಂದ ಏಳುತ್ತದೆ, ಒರಟು. ಅವರದು ನೆತ್ತಿಯಿಂದ ಬರುತ್ತದೆ. ಬಟ್ಟೆಯಲ್ಲಿ ಸೋಸಿದ ಹಾಲಿನ ಹಾಗೆ ತೆಳು, ಒಂದು ಗಂಟಿಲ್ಲ, ಒಂದು ನಡುಕವಿಲ್ಲ. ಇಪ್ಪತ್ತು ಮಂದಿಯಲ್ಲಿ ಯಾರ ದನಿ ಯಾರದು ಎಂದು ಹೇಳಲಾಗದು. ನಾವು ಹಾಡಿದರೆ ಕಣ್ಣು ಮುಚ್ಚುತ್ತೇವೆ, ತಲೆ ಆಡಿಸುತ್ತೇವೆ, ಕೈ ಎತ್ತುತ್ತೇವೆ. ಅವರ ಮುಖದಲ್ಲಿ ಏನೂ ಆಡುವುದಿಲ್ಲ. ದೇವರ ಎದುರು ನಿಂತು ದೇವರನ್ನು ನೋಡದೆ ಉರ್ಸುಲಾಳ ಕೈಯನ್ನು ನೋಡುತ್ತಾರೆ.

ಎರಡು ಪದ ಕೂಡಿ ಹಾಡುವುದೆಂದು ಠರಾವಾಗಿತ್ತು. ಒಂದು ನಮ್ಮದು, ಗುರುವಿನ ಪದ. ಅದರಲ್ಲಿ ನಾನು ಮುಂದಿನ ಸೊಲ್ಲು ಹೇಳಬೇಕು, ಅವರು ಕೆಳಗೆ "ಆ" ಎಂದು ಒಂದೇ ಸ್ವರ ಹಿಡಿದಿರಬೇಕು. ಇನ್ನೊಂದು ಅವರದು. ಅದರಲ್ಲಿ ನಾವು ಅವರ ಸಾಲಿನಲ್ಲಿ ನಿಂತು ಸ್ವರ ಹಿಡಿಯಬೇಕು. ನನ್ನನ್ನು ಮಾರ್ತಾ ಎಂಬ ದಪ್ಪನೆಯ ಹೆಂಗಸಿನ ಪಕ್ಕದಲ್ಲಿ ನಿಲ್ಲಿಸಿದರು. ನರ್ಸ್ ಕೆಲಸ ಮಾಡಿ ರಿಟೈರಾಗಿ ಮನೆಯಲ್ಲಿ ಕುಳಿತವಳು. ಮೈಯಿಂದ ಸಾಬೂನಿನ ವಾಸನೆ.

ಅವರ ಪದದಲ್ಲಿ ಸ್ವರ ಹಿಡಿದು ನಿಂತೆವು. ಅದು ಮುಗಿಯುವುದೇ ಇಲ್ಲ. ಇಷ್ಟು ಹೊತ್ತು ಒಂದೇ ದಮ್ಮಿನಲ್ಲಿ ಹೇಗೆ ಹಿಡಿಯುತ್ತಾರೆ ಎಂದು ಮಾರ್ತಾಳ ಕಡೆ ಕಿವಿ ಕೊಟ್ಟೆ. ಬಾಯಿ ತೆರೆದಿದೆ, ದನಿ ಇಲ್ಲ. ಎಡಕ್ಕೆ ನಿಂತವಳ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಆಕೆಯದೂ ಇಲ್ಲ. ಬಾಯಿ ಮಾತ್ರ ಹಾಡುತ್ತಿದೆ.

ಬಿದ್ದ ದನಿ ಎತ್ತಿಕೊಳ್ಳುವುದು ನನ್ನ ರೂಢಿ. ಮಾರ್ತಾ ಬಿಟ್ಟಾಗ ಎತ್ತಿದೆ. ಎಡಗಡೆಯವಳು ಬಿಟ್ಟಾಗ ಇನ್ನೂ ಜೋರಾಗಿ ಎತ್ತಿದೆ. ಉರ್ಸುಲಾ ಅಂಗೈ ಕೆಳಗೆ ಮಾಡಿ ಒತ್ತಿದ ಹಾಗೆ ಮಾಡಿದಳು. ಯಾರಿಗೋ ಕೂತುಕೊಳ್ಳಲು ಹೇಳುತ್ತಿದ್ದಾಳೆ ಎಂದುಕೊಂಡೆ. ಮಾರ್ತಾ ಮತ್ತೆ ಬಿಟ್ಟಳು. ನಮ್ಮ ರೀತಿಯಲ್ಲಿ ಆ ಪದ ಈಗ ನನ್ನದು. ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದು, ತಾಳ ತೆಗೆದು, ಬಾರಿಸಿದೆ.

ಹಾಡು ನಿಂತಿತು. ಇಪ್ಪತ್ತು ಮಂದಿ ನನ್ನನ್ನು ನೋಡಿದರು. ಸಿದ್ದಮ್ಮ ಮಾತ್ರ, "ಬರೋಬರಿ ಮಾಡಿದಿ, ಅವರು ಬಿಟ್ಟಿದ್ರು" ಎಂದಳು.

ಚಹಾದ ಹೊತ್ತಿಗೆ ವೈಶಾಲಿ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಕಸ್ತೂರಿ ಎದುರಿಗಿದ್ದಳು.

"ಮೌಶಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿಮ್ಮ ತಬ್ಯೇತಿನೂ ಮೊದಲಿನಂಗ ಇಲ್ಲ. ಅವರ ಪದಕ್ಕ ನೀವು ಕೂತ ಕೇಳ್ರಿ. ನಮ್ಮ ಪದದಾಗ ಮುಂದಿನ ಸೊಲ್ಲ ಈ ಸಲ ಕಸ್ತೂರಿ ಕಾಕು ಹೇಳ್ಲಿ."

ಬಾಲ್ಕನಿಯಲ್ಲಿ ತಗ್ಗಿದ ದನಿ ಇದೇ. ಅಕ್ಕಲಕೋಟೆಯಲ್ಲಿ ನನ್ನ ಬಲ ಪಕ್ಕೆಯ ಮೇಲೆ ನಿಂತ ಅಂಗೈಯೂ ಇದೇ. ನನ್ನ ಸಂಶಯ ಈ ಸಲವೂ ಸುಳ್ಳಾಗಿರಲಿಲ್ಲ.

"ಉರ್ಸುಲಾ ಹೇಳಿದ್ಲೇನ ಇದು?"

"ಅವರಲ್ಲ. ನಾನ ಹೇಳಾಕತ್ತೀನಿ. ಇಷ್ಟ ದೂರ ಬಂದ ನಡಬರಕ ನಿಮ್ಮ ದಮ್ಮ ಹೋದ್ರ?"

ನಾನು ಕಸ್ತೂರಿಯ ಕಡೆ ನೋಡಿದೆ. ಕಪ್ಪನ್ನು ಕೆಳಗಿಟ್ಟು, "ನಾ ಒಲ್ಲೆ" ಎಂದಳು.

"ಯಾಕ ಒಲ್ಲಿ?" ಎಂದೆ.

"ಒಲ್ಲೆ ಅಂದ್ರ ಒಲ್ಲೆ, ಅಕ್ಕಾ."

ಅದು ಇನ್ನೂ ಕೆಟ್ಟದ್ದು. ಕೊಟ್ಟರೆ ಬೇಡ ಎನ್ನುತ್ತಾಳೆ ಎಂದರೆ, ಎಲ್ಲರೆದುರು ತಾನೇ ಹಿಡಿಯಬೇಕೆಂದಿದ್ದಾಳೆ. ಆವತ್ತು ನನ್ನ ಲೆಕ್ಕ ಹಾಗಿತ್ತು. ತಾಳವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ.

ಮೂರನೆಯ ದಿನ, ಪೆನ್ಸಿಲ್

ಮರುದಿನ ತಾಲೀಮಿನಲ್ಲಿ ಕೂತು ಕೇಳಲಿಲ್ಲ, ನಿಂತೆ. ಮಾರ್ತಾಳ ದನಿ ಮತ್ತೆ ಬಿತ್ತು. ಆಕೆಯ ಮೊಣಕೈ ಹಿಡಿದೆ.

"ವೈಶಾಲಿ, ಹೇಳ ಇವ್ರಿಗೆ. ಈಕಿ ಬಾಯಿ ತಗದ ನಿಂತಾಳ, ದನಿ ಇಲ್ಲ. ಆ ಕಡಿಯಾಕೀನೂ ಹಂಗ. ನನ್ನ ಕೂಡ್ರಸ್ತೀರಿ, ಹಾಡದವರನ್ನ ನಿಂದರಸ್ತೀರಿ. ದೇವರ ಮುಂದ ಕಳ್ಳಾಟ ಇದು."

"ಮೌಶಿ, ಇದನ್ನ ಹ್ಯಾಂಗ ಹೇಳ್ಲಿ ನಾ?"

"ಹೇಳಿದಂಗ ಹೇಳು."

ವೈಶಾಲಿ ಕೆಂಪಾಗಿ ಹೇಳಿದಳು. ಎಷ್ಟು ಹೇಳಿದಳು, ಎಷ್ಟು ನುಂಗಿದಳು, ನನಗೆ ಗೊತ್ತಿಲ್ಲ. ಮಾರ್ತಾ ಜೋರಾಗಿ ನಕ್ಕಳು. ಆ ಮಠದಲ್ಲಿ ನಾನು ಕೇಳಿದ ಮೊದಲ ಒರಟು ದನಿ ಅದು. ತನ್ನ ಕೈಯಲ್ಲಿದ್ದ ಹಾಡಿನ ಹಾಳೆಯನ್ನು ನನ್ನ ಕಣ್ಣಿಗೆ ಹಿಡಿದಳು. ಸಾಲಿನ ಮೇಲೆ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಗೀಟು. ಎಡಗಡೆಯವಳ ಹಾಳೆಯನ್ನೂ ಕಸಿದು ಪಕ್ಕಕ್ಕೆ ಹಿಡಿದಳು. ಅದರಲ್ಲಿಯೂ ಗೀಟು, ಆದರೆ ಬೇರೆ ಜಾಗದಲ್ಲಿ.

ಉರ್ಸುಲಾ ಹೇಳಿದ್ದನ್ನು ವೈಶಾಲಿ ಕನ್ನಡದಲ್ಲಿ ಹೇಳಿದಳು. "ಇಷ್ಟ ಉದ್ದ ಸ್ವರ ಯಾರ ದಮ್ಮಿಗೂ ಆಗೂದಿಲ್ಲಂತ ಮೌಶಿ. ಅದಕ್ಕ ಒಬ್ಬೊಬ್ರು ಒಂದೊಂದ ಕಡಿ ಬಿಡತಾರ. ಬಾಯಿ ಮುಚ್ಚಂಗಿಲ್ಲ, ಸುಮ್ಮ ಉಸರ ತಗೊಂಡು ಮತ್ತ ಸಾವಕಾಶ ಒಳಗ ಬರತಾರ. ಒಬ್ಬಾಕಿ ಬಿಟ್ಟಲ್ಲಿ ಬಾಜೂದಾಕಿ ಬಿಡಬಾರದು, ಅಷ್ಟ. ಕೇಳಾವ್ರಿಗೆ ಹಾಡ ಕಡದದ್ದ ಗೊತ್ತಾಗೂದಿಲ್ಲ."

ಎರಡೂ ಹಾಳೆಗಳ ಗೀಟುಗಳ ಮೇಲೆ ಬೆರಳಾಡಿಸಿದೆ.

"ಬಿಟ್ಟಾಗ ಹಿಡದಾಕಿ ಇದ್ದಾಳಲ್ಲ, ಆಮ್ಯಾಲ ಹಾಡ ಆಕೀದೇನ? ತಾಳ ಯಾರ ಕೈಯಾಗ ಹೋಗತೈತಿ?"

ವೈಶಾಲಿ ಕೇಳಿದಳು. ಉರ್ಸುಲಾಗೆ ಪ್ರಶ್ನೆಯೇ ತಿಳಿಯಲಿಲ್ಲ. ಎರಡು ಸಲ ಕೇಳಿಸಿಕೊಂಡು, ಯಾರ ಕೈಗೂ ಹೋಗುವುದಿಲ್ಲ, ಹಿಡಿದವಳು ತಿರುಗಿ ಕೊಡುತ್ತಾಳೆ, ನಾಳೆ ಅವಳು ಬಿಟ್ಟಾಗ ಇವಳು ಹಿಡಿಯುತ್ತಾಳೆ ಎಂದಳು.

ಇಪ್ಪತ್ತು 'ಇವಳು', ಇಪ್ಪತ್ತು 'ಅವಳು'. ಹೀಗೆ ಯಾವ ಮನೆಯಲ್ಲಿ ನಡೆಯುತ್ತದೆ ಎನಿಸಿತು. ಆದರೂ ಕಣ್ಣು ತಾನಾಗಿ ಕಸ್ತೂರಿಯ ಕಡೆ ಹೋಯಿತು. ಆಕೆ ನೆಲ ನೋಡುತ್ತಿದ್ದಳು. ಗುರುವಾರಗಳೆಲ್ಲ ನೆನಪಿಗೆ ಬಂದವು. ಹಿಡಿಯುತ್ತಿದ್ದಳು, ಹೌದು. ತಿರುಗಿ ಕೊಡುತ್ತಿದ್ದಳು, ಅದೂ ಹೌದು. ಒಂದು ಸಲವೂ ತಾಳದ ಕಡೆ ನೋಡಿರಲಿಲ್ಲ. ಆದರೆ ನೋಡದೆ ಇರುವುದೂ ಒಂದು ಉಪಾಯವೇ. ಹೊರದೇಶದವಳ ಪೆನ್ಸಿಲ್ ನೋಡಿ ನೆಗೆಣ್ಣಿಯನ್ನು ನಂಬುವಷ್ಟು ನಾನು ಮೆತ್ತಗಿರಲಿಲ್ಲ. ಪರೀಕ್ಷೆ ಮಾಡಿಯೇ ನೋಡಬೇಕು ಎಂದುಕೊಂಡೆ. ವೈಶಾಲಿಗೆ ಹೇಳಿದೆ, ಮುಂದಿನ ಸೊಲ್ಲು ನಾನೇ ಹೇಳುತ್ತೇನೆ, ಬೇಕಿದ್ದರೆ ಪೇಟಿ ಬಾರಿಸು, ಬೇಡವಾಗಿದ್ದರೆ ಬಿಡು.

ಚರ್ಚು

ಆ ಊರು ಬಿಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಚರ್ಚು ತುಂಬಿತ್ತು. ನಾವು ನಾಲ್ವರೂ ಇಳಕಲ್ಲ ಸೀರೆ ಉಟ್ಟಿದ್ದೆವು. ಮೊದಲು ಅವರ ಪದ. ನಾನು ಮಾರ್ತಾಳ ಪಕ್ಕದಲ್ಲಿ ನಿಂತು, ಆಕೆ ಬಿಟ್ಟಾಗ ಮೆಲ್ಲಗೆ ಹಿಡಿದೆ, ನಾನು ಬಿಟ್ಟಾಗ ಆಕೆ ಹಿಡಿದಳು. ಮುಂದೆ ಹೆಜ್ಜೆ ಇಡಲಿಲ್ಲ.

ಆಮೇಲೆ ನಮ್ಮದು. ತಾಳ ಬಾರಿಸಿ ಎತ್ತಿದೆ. ಅವರು ಕೆಳಗೆ ಸ್ವರ ಹಿಡಿದರು. ಆ ಕಲ್ಲಿನ ಗೂಡಿನಲ್ಲಿ ನಾನು ಬಿಟ್ಟ ಮೇಲೂ ನನ್ನ ದನಿ ಮೇಲೆ ತಿರುಗುತ್ತಿತ್ತು. ಯಾರು ಹಾಡುತ್ತಿದ್ದಾರೆ ಎಂದು ಒಂದು ಸಲ ತಲೆ ಎತ್ತಿ ನೋಡಿಬಿಟ್ಟೆ.

ಎರಡನೆಯ ನುಡಿಯ ಮೊದಲ ಸೊಲ್ಲು ಗಿಡ್ಡದು. ದವಾಖಾನೆಯಿಂದ ಬಂದ ಮೇಲೂ ಅಲ್ಲಿ ನನಗೆ ದಮ್ಮು ಕಡಿಮೆ ಬಿದ್ದಿಲ್ಲ. ಅಲ್ಲಿಯೇ ಬೇಕೆಂದು ಬಿಡುವುದು ಎಂದು ನಿಶ್ಚಯಿಸಿದ್ದೆ. ಕಸಿದುಕೊಳ್ಳಲು ಕಾದವಳು ಎಲ್ಲಿ ಬಿಟ್ಟರೂ ಹಾರಿ ಹಿಡಿಯುತ್ತಾಳೆ.

ನಡುವೆ ಬಿಟ್ಟೆ.

ಕಸ್ತೂರಿ ಹಿಡಿಯಲಿಲ್ಲ. ಆಕೆ ಅಲ್ಲಿ ಕಾಯುತ್ತಲೇ ಇರಲಿಲ್ಲ. ಬಾಯಿ ಮುಚ್ಚಿತ್ತು, ನನ್ನ ಹಿಂದೆ ಹೇಳಬೇಕಾದ ಸೊಲ್ಲಿಗೆ ತಯಾರಾಗಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ನಮ್ಮ ಪದ ಬಿತ್ತು, ಕೆಳಗೆ ಅವರ ಸ್ವರವೊಂದೇ ಉಳಿಯಿತು. ಕಸ್ತೂರಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಅಕ್ಕನಿಗೆ ಏನಾಯಿತು ಎಂದು ನೋಡುವ ನೋಟ ಅದು. ಆಮೇಲೆ ಎರಡು ಮಾತು ಹಿಡಿದು, ನಾನು ಎತ್ತಿದ ಕೂಡಲೇ ಬಿಟ್ಟಳು.

ಮೂರನೆಯ ನುಡಿಯಲ್ಲಿ ಸೊಲ್ಲು ಉದ್ದ. ಈ ಸಲ ಪರೀಕ್ಷೆ ಇರಲಿಲ್ಲ. ಆದರೆ ಆ ಚಳಿಗೋ, ಏನಕ್ಕೋ, ನಾನು ಎಣಿಸಿದ್ದಕ್ಕಿಂತ ಮೊದಲೇ ಬಲಗಡೆ ಹಿಡಿದುಕೊಂಡಿತು. ದಮ್ಮು ಹೋಯಿತು. ದನಿ ಹೋಯಿತು ಎಂದು ನನಗೆ ಗೊತ್ತಾಗುವ ಮೊದಲೇ ಕಸ್ತೂರಿ ಅಲ್ಲಿದ್ದಳು. ನನ್ನ ದನಿಯ ಒರಟೇ, ನನ್ನ ಎಳೆತವೇ. ಆಕೆಯದು ಸಣ್ಣ ದನಿ. ಅದನ್ನು ನನ್ನದರ ಹಾಗೆ ಮಾಡಿಕೊಂಡಿದ್ದಳು. ಉಸಿರು ತೆಗೆದುಕೊಂಡೆ. ಎತ್ತಿದೆ. ಆಕೆ ಬಿಟ್ಟಳು. ತಾಳ ನನ್ನ ಕೈಯಲ್ಲಿಯೇ ಇತ್ತು.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಭಜನೆ ಮುಗಿದರೆ ಮಂಗಳಾರತಿ, ಪ್ರಸಾದ, ಯಾರ ಶ್ರುತಿ ತಪ್ಪಿತೆಂದು ಜಗಳ, ಎಲ್ಲ ಇರುತ್ತದೆ. ಅಲ್ಲಿ ಮಂದಿ ಹಾಗೇ ಕುಳಿತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು.

"ಸೇರಲಿಲ್ಲ ಇವ್ರಿಗೆ" ಎಂದಳು ಸಿದ್ದಮ್ಮ.

"ಪ್ರಾರ್ಥನಾದಾಗ ಟಾಳಿ ಹೊಡಿಯಂಗಿಲ್ಲ ಕಾಕು ಇಲ್ಲಿ" ಎಂದಳು ವೈಶಾಲಿ. ಆಮೇಲೆ ನನ್ನ ಕಡೆ ತಿರುಗಿ, "ಮೌಶಿ, ಎರಡನೇ ನುಡಿಯಾಗ ಏನಾತ್ರಿ?" ಎಂದಳು.

"ಏನೂ ಆಗಿಲ್ಲ. ನಾನ ಬಿಟ್ಟೆ."

ವೈಶಾಲಿಗೆ ಅರ್ಥವಾಗಲಿಲ್ಲ. ಕಸ್ತೂರಿಗೆ ಆಯಿತು. ಆಕೆ ಸಿದ್ದಮ್ಮನ ಢೋಲಕಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಗಂಟು ಬಹಳ ಬಿಗಿಯಾಗಿ ಹಾಕಿದಳು.

ಉರ್ಸುಲಾ ಬಂದು ನನ್ನ ಬಲ ಪಕ್ಕೆಯ ಮೇಲೆ ಅಂಗೈ ಇಟ್ಟು ತೆಗೆದಳು. ಈ ಸಲ ನಗಲಿಲ್ಲ. ಮಾರ್ತಾ ತನ್ನ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟಳು. ಅರ್ಧ ಸವೆದದ್ದು, ತುದಿ ಕಚ್ಚಿದ್ದು. ಹೊಸದು ಕೊಟ್ಟಿದ್ದರೆ ಏಕೆ ಕೊಟ್ಟಳು ಎಂದು ಯೋಚಿಸುತ್ತಿದ್ದೆ.

ಮೈಂದರ್ಗಿ, ತಿರುಗಿ

ಅಕ್ಕಲಕೋಟೆಯ ಬಸ್ಸು ಇಳಿದಾಗ ಮಧ್ಯಾಹ್ನ. ಬರುವ ದಾರಿಯಲ್ಲೆಲ್ಲ ಕಸ್ತೂರಿ ಸಿದ್ದಮ್ಮನ ಜೊತೆ ಮಾತಾಡಿದಳು, ನನ್ನ ಜೊತೆ ಇಲ್ಲ. ಪರೀಕ್ಷೆ ಮಾಡಿಸಿಕೊಂಡವರಿಗೆ ಸಿಟ್ಟು ಬರುತ್ತದೆ. ಅದು ಆಕೆಯ ಹಕ್ಕು. ಆಕೆ ತನ್ನ ಬಾಗಿಲಿಗೆ ಹೋದಳು, ನಾನು ನನ್ನ ಬಾಗಿಲಿಗೆ ಹೋದೆ.

ಮರುದಿನ ಬೆಳಿಗ್ಗೆ ಮುಖ ತೊಳೆದು, ಹಾಡಿನ ವಹಿ ಮತ್ತು ಪೆನ್ಸಿಲ್ ಹಿಡಿದು, ಗೋಡೆ ಸುತ್ತಿ ಆಕೆಯ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಕಸ್ತೂರಿ ಹೊರಗೆ ಬಂದು ನೋಡಿ, ಒಳಗೆ ಹೋಗಿ, ಎರಡು ಕಪ್ಪು ಚಹಾ ತಂದು ಒಂದನ್ನು ನನ್ನ ಹತ್ತಿರ ಇಟ್ಟಳು. ಆಕೆಗೆ ಓದಲು ಬರುವುದಿಲ್ಲ, ಪದಗಳೆಲ್ಲ ಬಾಯಲ್ಲಿವೆ. ನಾನು ಗುರುವಿನ ಪದದ ಹಾಳೆ ತೆಗೆದು, ಮೂರನೆಯ ನುಡಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಹೇಳುತ್ತ ಎರಡು ಕಡೆ ಗೀಟು ಹಾಕಿದೆ.

"ಇಲ್ಲಿ ಬಿಡತೀನಿ" ಎಂದೆ. "ಮತ್ತ ಇಲ್ಲಿ."

ಕಸ್ತೂರಿ ಚಹಾ ಕುಡಿಯುತ್ತಲೇ ಸೊಲ್ಲನ್ನು ಬಾಯಲ್ಲಿ ಗುನುಗಿ, ನಡುವೆ ಒಂದು ಮಾತಿನ ಮೇಲೆ ನಿಂತಳು.

"ಮೂರ ಕಡಿ ಬಿಡತೀರಿ, ಅಕ್ಕಾ" ಎಂದಳು.

ಮೂರನೆಯದನ್ನೂ ಹಾಕಿದೆ.